ನಾರ್ವೆಯ ಗೋಡೆಯ ಮೇಲೆ ಹೆಡತಲೆಯ ಕಣ್ಣು

ಇಳಿದ ದಿನ

“ಇವು ಯಾತಕ್ಕೆ?” ಅಂತ ಕಸ್ಟಮ್ಸಿನವನು ಕೇಳಿದ. ನನ್ನ ಸೂಟ್‌ಕೇಸು ಅವನ ಮುಂದೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಎರಡು ಸ್ವೆಟರು, ಇವುಗಳ ಬಗ್ಗೆ ಅವನ ತಕರಾರಿರಲಿಲ್ಲ. ಅವನ ಕೈಯಲ್ಲಿದ್ದದ್ದು ಎರಡು ಡಬ್ಬ ಇಂಜೆಕ್ಷನ್ ಸೂಜಿ, ಒಂದು ಸಣ್ಣ ಇಕ್ಕಳ. ಇಪ್ಪತ್ತಾರು ವರ್ಷದಿಂದ ನಂಜನಗೂಡಿನ ಒಂದು ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿರುವ ನನಗೆ ಬರುವುದು ಆಸ್ಪತ್ರೆಯ ಇಂಗ್ಲಿಷು. ಅದರಲ್ಲಿ ಎಲ್ಲ ಇದೆ, ನಯ ನಾಜೂಕು ಇಲ್ಲ. “ಕಣ್ಣಿಗೆ ಚುಚ್ಚೋದಕ್ಕೆ” ಅಂದುಬಿಟ್ಟೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ನನ್ನ ಮುಖ ನೋಡಿದ, ಸೂಜಿ ನೋಡಿದ, ಇನ್ನೊಬ್ಬಳನ್ನು ಕರೆದ. ಅವಳು ಬಂದು ಮತ್ತೆ ಅದೇ ಪ್ರಶ್ನೆ ಕೇಳಿದಳು. ಕೊನೆಗೆ ನನ್ನನ್ನು ಕರೆಸಿಕೊಂಡವರ ಪತ್ರ ತೋರಿಸಿದ ಮೇಲೆ ಇಬ್ಬರೂ ಓದಿ, ತಲೆಯಾಡಿಸಿ, ಡಬ್ಬಗಳನ್ನು ಬೆರಳ ತುದಿಯಲ್ಲಿ ಹಿಡಿದು ವಾಪಸು ಇಟ್ಟರು. ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ವಿದೇಶಕ್ಕೆ ಕಾಲಿಟ್ಟವಳು ಹೀಗೆ ಭಯೋತ್ಪಾದಕಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಆ ಊರಿನ ಹೆಸರು ಹತ್ತು ದಿನ ಇದ್ದರೂ ನನ್ನ ನಾಲಿಗೆಗೆ ಬರಲಿಲ್ಲ. ನನ್ನ ಹೆಸರು ಅವರ ನಾಲಿಗೆಗೂ ಬರಲಿಲ್ಲ, ಅಲ್ಲಿಗೆ ಲೆಕ್ಕ ಸರಿಹೋಯಿತು. ಮಹದೇವಮ್ಮ ಅನ್ನುವುದು ಮೊದಲ ದಿನ ‘ಮಾದೇವ’ ಆಯಿತು, ಎರಡನೇ ದಿನ ‘ಮಾದ’ ಆಯಿತು. ಹುಟ್ಟೂರು ತಿರುಮಕೂಡಲಿನ ಕಡೆ ನಮ್ಮಜ್ಜನ ಹೆಸರೂ ಅದೇ ಆದ್ದರಿಂದ ಸುಮ್ಮನಾದೆ.

ಕರೆದೊಯ್ಯಲು ಬಂದವಳು ಮಾರ್ತೆ. ನನ್ನಷ್ಟೇ ವಯಸ್ಸು, ನನಗಿಂತ ಒಂದೂವರೆ ಅಡಿ ಎತ್ತರ. ಕಣ್ಣಿನ ಆಪರೇಷನ್ನಿನ ವಿಡಿಯೋ ನೋಡಿ ಯಾವ ಆಯುಧ ಯಾವುದೆಂದು ತಾನೇ ಹೇಳುವ ಒಂದು ಯಂತ್ರವನ್ನು ಅವಳ ತಂಡ ತಯಾರಿಸುತ್ತಿದೆ. ಯಂತ್ರ ಅಂದರೆ ಚಕ್ರ ಹಲ್ಲು ಏನೂ ಇಲ್ಲ, ಕಂಪ್ಯೂಟರಿನೊಳಗಿನ ಬುದ್ಧಿ. ಮಗುವಿಗೆ ಚಿತ್ರ ತೋರಿಸಿ ‘ಇದು ಆನೆ, ಇದು ಒಂಟೆ’ ಅಂತ ಹೇಳಿಕೊಟ್ಟ ಹಾಗೆ ಅದಕ್ಕೆ ಸಾವಿರಾರು ಚಿತ್ರ ತೋರಿಸಿ ‘ಇದು ಚಾಕು, ಇದು ಚಿಮಟ’ ಅಂತ ಕಲಿಸಬೇಕು. ಆ ಹೇಳಿಕೊಡುವ ಕೆಲಸವನ್ನು ನಮ್ಮ ಆಸ್ಪತ್ರೆಯ ಮೂವರು ಸಿಸ್ಟರುಗಳು ಒಂದು ವರ್ಷ ಮಾಡಿದ್ದೆವು. ನಮ್ಮದೇ ಥಿಯೇಟರಿನ ಹಳೆಯ ವಿಡಿಯೋ. ರೋಗಿಯ ಹೆಸರು, ಊರು ಎಲ್ಲ ಅಳಿಸಿ ಬರೀ ನಂಬರು. ಡ್ಯೂಟಿ ಮುಗಿದ ಮೇಲೆ ಕೂತು, ಪರದೆಯ ಮೇಲೆ ಆಯುಧದ ಸುತ್ತ ಗೆರೆ ಎಳೆದು, ಪಟ್ಟಿಯಲ್ಲಿದ್ದ ಹೆಸರು ಒತ್ತುವುದು.

ನಾವು ಮಾಡಿದ ಒಂದು ತಪ್ಪೇ ನನ್ನನ್ನು ವಿಮಾನ ಹತ್ತಿಸಿತು. ಪೊರೆ ಆಪರೇಷನ್ನಿನಲ್ಲಿ ಮಸೂರದ ಮೇಲಿನ ಚೀಲ ಬಿಡಿಸಲು ತುದಿ ಬಾಗಿದ ಸೂಜಿ ಬೇಕು. ಹೊರದೇಶದಲ್ಲಿ ಅದು ಪ್ಯಾಕೆಟ್ಟಿನಲ್ಲಿ ತಯಾರಾಗಿ ಬರುತ್ತದೆ, ಅದಕ್ಕೊಂದು ಉದ್ದ ಹೆಸರಿದೆ. ನಮ್ಮಲ್ಲಿ ಸಾದಾ ಇಂಜೆಕ್ಷನ್ ಸೂಜಿಯನ್ನೇ ಸಿಸ್ಟರು ಇಕ್ಕಳದಲ್ಲಿ ಹಿಡಿದು ಬಗ್ಗಿಸಿ ಕೊಡುತ್ತೇವೆ. ನಮ್ಮ ದೊಡ್ಡ ಡಾಕ್ಟ್ರು ಅದನ್ನು ಕೇಳುತ್ತಿದ್ದದ್ದು ‘ಸೂಜಿ’ ಅಂತ. ಹಾಗಾಗಿ ನಾವು ಮೂವರೂ ಕಣ್ಣು ಮುಚ್ಚಿಕೊಂಡು ಪಟ್ಟಿಯಲ್ಲಿದ್ದ ‘ನೀಡಲ್’ ಒತ್ತಿದೆವು. ಅವರ ಪಟ್ಟಿಯಲ್ಲಿ ನೀಡಲ್ ಅಂದರೆ ಹೊಲಿಗೆಯ ಸೂಜಿ. ನಂಜನಗೂಡಿನಲ್ಲಿ ಕಣ್ಣು ಕೊಯ್ಯುವ ಮೊದಲೇ ಹೊಲಿದುಬಿಡುತ್ತಾರೆ ಎಂದು ಆ ಯಂತ್ರ ನಂಬಿಕೊಂಡು ಕೂತಿತ್ತು. “ಯಾರಾದರೂ ಬಂದು ಬಿಡಿಸಿ ಹೇಳಿ, ಬರುವಾಗ ಆ ಸೂಜಿಯನ್ನೂ ತನ್ನಿ” ಅಂತ ಮಾರ್ತೆ ಬರೆದಳು. ಉಳಿದ ಇಬ್ಬರಿಗೆ ಪಾಸ್‌ಪೋರ್ಟ್ ಇರಲಿಲ್ಲ. ನನ್ನದು, ಮಲೇಷಿಯಾಕ್ಕೆ ಹೋಗೋಣ ಎಂದು ನಮ್ಮ ಯಜಮಾನರು ಮಾಡಿಸಿ, ಹೋಗದೆ ಬಿಟ್ಟದ್ದು, ಬೀರುವಿನಲ್ಲಿತ್ತು.

ಮೊದಲ ದಿನ

ಬೆಳಿಗ್ಗೆ ಎದ್ದರೆ ಬೆಳಕಿಲ್ಲ. ಗಡಿಯಾರ ಕೆಟ್ಟಿದೆ ಅಂದುಕೊಂಡೆ. ಒಂಬತ್ತಕ್ಕೆ ಹೊರಗೆ ಬಂದರೂ ಬೀದಿದೀಪ ಉರಿಯುತ್ತಿತ್ತು. ಡಿಸೆಂಬರಿನಲ್ಲಿ ಆ ಊರಿಗೆ ಸೂರ್ಯ ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ ಮುಖ ತೋರಿಸಿ ಊಟವಾದ ಕೂಡಲೇ ಹೊರಟುಬಿಡುತ್ತಾನೆ. ಮಧ್ಯಾಹ್ನ ಮೂರಕ್ಕೆ ಕತ್ತಲು.

ಮನೆಗಳಿಗೆ ಪರದೆ ಕಟ್ಟುವುದಿಲ್ಲ. ಪ್ರತಿ ಕಿಟಕಿಯಲ್ಲೂ ಒಂದು ದೀಪ, ಅದರ ಹಿಂದೆ ಮೇಜು, ಕುರ್ಚಿ, ಹೂದಾನಿ. ಮನುಷ್ಯರು ಮಾತ್ರ ಇಲ್ಲ. ನಾನು ಎಣಿಸುತ್ತಾ ಹೋದೆ. ಹದಿನಾಲ್ಕು ಮನೆ ದಾಟಿದರೂ ಒಂದು ತಲೆ ಕಾಣಲಿಲ್ಲ. ಎಲ್ಲರೂ ದೀಪ ಹಚ್ಚಿಟ್ಟು ಈಗಷ್ಟೇ ಎಲ್ಲಿಗೋ ಎದ್ದುಹೋದ ಹಾಗಿತ್ತು. ಬಸ್ ನಿಲ್ದಾಣದಲ್ಲಿ ಆರು ಜನ ನಿಂತಿದ್ದರು, ಒಬ್ಬರಿಂದ ಒಬ್ಬರಿಗೆ ಒಂದೊಂದು ಮಾರು ದೂರ. ನಾನು ನಮ್ಮೂರಿನ ರೂಢಿಯಂತೆ ಒಬ್ಬ ಅಜ್ಜಿಯ ಪಕ್ಕ ಹೋಗಿ ನಿಂತೆ. ಅವಳು ಮಾತಾಡದೆ ಒಂದು ಮಾರು ಸರಿದಳು. ಆಚೆಯವನೂ ಸರಿದ. ಸಾಲಿಗೆ ಸಾಲೇ ಸರಿಯಿತು. ಕೊನೆಯವನು ಚಾವಣಿಯಿಂದಾಚೆ ಹಿಮದಲ್ಲಿ ನಿಂತ, ನನ್ನತ್ತ ನೋಡಲಿಲ್ಲ. ಅಲ್ಲಿ ಯಾರೂ ಯಾರ ಕಣ್ಣನ್ನೂ ನೋಡುವುದಿಲ್ಲ, ಅದು ಅವರ ಮರ್ಯಾದೆಯಂತೆ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ನಿಂತರೆ ‘ಯಾಕವ್ವ, ಉಸಾರಿಲ್ವಾ?’ ಅಂತ ನಾಲ್ಕು ಜನ ಸೇರುತ್ತಾರೆ.

ಮಾರ್ತೆಯ ಕೆಲಸದ ಕೋಣೆ ನೆಲಮಾಳಿಗೆಯಲ್ಲಿತ್ತು. ಬಾಗಿಲು ತೆಗೆದವಳೇ ನಾನು ಅಲ್ಲೇ ನಿಂತುಬಿಟ್ಟೆ. ಎದುರು ಗೋಡೆ ತುಂಬ ಒಂದು ಕಣ್ಣು. ನೆಲದಿಂದ ಚಾವಣಿಯವರೆಗೆ. ರೆಪ್ಪೆಗಳನ್ನು ತಂತಿ ಹಾಕಿ ಎರಡು ಕಡೆ ಎಳೆದು ಹಿಡಿದಿದ್ದರು. ನಡುವಿನ ಪಾಪೆಯಲ್ಲಿ ಬೂದು ಬಣ್ಣದ ಪೊರೆ. ಥಿಯೇಟರಿನಲ್ಲಿ ಸಾವಿರ ಸಲ ನೋಡಿದ್ದೇನೆ, ಆದರೆ ಅಲ್ಲಿ ಕಣ್ಣಿನ ಸುತ್ತ ಒಂದು ಮುಖ ಇರುತ್ತದೆ, ಹಸಿರು ಬಟ್ಟೆಯ ಕೆಳಗೆ ಎದೆ ಏರಿಳಿಯುತ್ತದೆ, ಆಚೆ ಬದಿಯಲ್ಲಿ ಮಗಳೋ ಸೊಸೆಯೋ ಕಾಯುತ್ತಿರುತ್ತಾಳೆ. ಇಲ್ಲಿ ಬರೀ ಕಣ್ಣು. ಆ ಊರಲ್ಲಿ ನನ್ನನ್ನು ನೆಟ್ಟಗೆ ನೋಡಿದ ಮೊದಲ ಕಣ್ಣು ಅದು, ಮತ್ತು ಅದು ನಮ್ಮ ಊರಿನದು. ಸುತ್ತೂರಿನದೋ, ಹೆಮ್ಮರಗಾಲದ್ದೋ.

ಆಮೇಲೆ ಆಯುಧ ಬಂತು. ಕೈ ಚಿತ್ರದೊಳಗೆ ಬರುವುದಿಲ್ಲ, ತುದಿ ಮಾತ್ರ ಅಂಚಿನಿಂದ ಒಳಗೆ ಚಾಚುತ್ತದೆ. ಆ ಚಾಚುವ ರೀತಿ, ಒಂದು ಚಣ ತಡೆದು ಮುಂದುವರಿಯುವ ರೀತಿ ನೋಡಿ ನನಗೆ ಗೊತ್ತಾಯಿತು, ಅದು ದೊಡ್ಡ ಡಾಕ್ಟ್ರ ಕೈ. ಅವರು ತೀರಿಕೊಂಡು ಎರಡು ವರ್ಷವಾಗಿದೆ. ಮಣ್ಣಿಗೆ ನಾನೂ ಹೋಗಿದ್ದೆ. ಇಲ್ಲಿ ಅವರು ಸಾವಕಾಶವಾಗಿ ಕೆಲಸ ಮಾಡುತ್ತಿದ್ದಾರೆ.

“ಕಾಫಿ?” ಅಂದಳು ಮಾರ್ತೆ. ನಾನು ಕೂತುಕೊಂಡೆ.

ಎರಡನೇ ದಿನ

ಸಿದ್ದಮ್ಮಕ್ಕನ ವಿಷಯ ಇಲ್ಲಿ ಹೇಳಲೇಬೇಕು, ಯಾಕೆಂದರೆ ಆ ನೆಲಮಾಳಿಗೆಯಲ್ಲಿ ಕೂತಾಗಿನಿಂದ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಸಿದ್ದಮ್ಮಕ್ಕ ಹೆಡತಲೆಯವಳು. ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಅಕ್ಕಿ ಬೇಳೆ ಕೇರಿ ಕಲ್ಲು ಆರಿಸುವ ಕೆಲಸದಲ್ಲಿದ್ದಳು. ಆರು ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದಳು. ಮಸೂರವನ್ನು ಸುತ್ತಿರುವ ಚೀಲ ಈರುಳ್ಳಿಯ ಒಳಸಿಪ್ಪೆಗಿಂತ ತೆಳು. ಬಗ್ಗಿಸಿದ ಸೂಜಿಯಿಂದ ಅದರಲ್ಲಿ ದುಂಡಗೆ ಬಾಯಿ ತೆಗೆಯಬೇಕು. ಅವಳದ್ದು ದುಂಡಗೆ ಬರದೆ ಸರ್ರನೆ ಹಿಂದಿನವರೆಗೂ ಹರಿದುಹೋಯಿತು. ಮೈಸೂರಿಗೆ ಕಳಿಸಿದೆವು, ಅಲ್ಲಿ ಇನ್ನೊಂದು ಆಪರೇಷನ್ ಆಯಿತು, ಆದರೂ ಆ ಕಣ್ಣಿಗೆ ಬೆಳಕು ಕಾಣುತ್ತದೆ, ಕಲ್ಲು ಕಾಣುವುದಿಲ್ಲ. ದೊಡ್ಡ ಡಾಕ್ಟ್ರು ಕೇಸ್ ಹಾಳೆಯಲ್ಲಿ ‘ರೋಗಿ ತಲೆ ಅಲ್ಲಾಡಿಸಿದರು’ ಅಂತ ಬರೆದರು. ಅದನ್ನೇ ಅವಳಿಗೂ ಹೇಳಿದೆವು.

ಅವಳು ಅದನ್ನು ನಂಬಿದಳು. “ನಾನೇ ಅಲ್ಲಾಡ್ಬುಟ್ಟೆ ಕಣವ್ವ, ಪಾಪ ಡಾಕುಟ್ರು ಏನ್ ಮಾಡಾರು” ಅಂತ ಊರೆಲ್ಲ ಹೇಳಿಕೊಂಡು ಬಂದಳು. ಈಗ ಎಡಗಣ್ಣಿನ ಪೊರೆಯೂ ಬಲಿತಿದೆ. ನಾನು ಹೊರಡುವ ಹಿಂದಿನ ವಾರ ಮಗಳು ಅವಳನ್ನು ಕೈಹಿಡಿದು ಕರಕೊಂಡು ಬಂದಿದ್ದಳು. ಬೇಗ ತೆಗೆಸದಿದ್ದರೆ ಕಷ್ಟ ಎಂದು ಹೊಸ ಡಾಕ್ಟ್ರು ಹೇಳಿದರು. ಸಿದ್ದಮ್ಮಕ್ಕ ಒಪ್ಪಲಿಲ್ಲ. “ಬ್ಯಾಡ ಸಿಸ್ಟ್ರವ್ವ. ನನ್ ತಲೆ ನಂಗೆ ಗೊತ್ತಿಲ್ದಂಗೆ ಅಲ್ಲಾಡ್ತದೆ. ಇದ್ನೂ ನಾನೇ ಕಳ್ಕಂಡ್ರೆ? ಇದ್ದಷ್ಟು ದಿನ ಇರ್ಲಿ ಬುಡು.”

ನಾನು ಬಾಯಿ ಬಿಡಲಿಲ್ಲ. ಅವತ್ತು ಸೂಜಿ ಬಗ್ಗಿಸಿದವಳು ನಾನು. ಕ್ಯಾಂಪಿನ ದಿನ, ಒಂದಾದ ಮೇಲೊಂದು ಕೇಸು. ಮೊದಲ ಸಲ ಇಕ್ಕಳ ಜಾರಿ ತುದಿ ಆ ಕಡೆಗೆ ಬಾಗಿತು. ಬಿಸಾಡಿ ಹೊಸದು ತೆಗೆಯಬೇಕು, ಅದು ನಿಯಮ, ಎರಡು ಸಲ ಬಗ್ಗಿದ ತುದಿಯಲ್ಲಿ ಕಣ್ಣಿಗೆ ಕಾಣದ ಮುಳ್ಳು ಏಳುತ್ತದೆ. ಆದರೆ ನಾವು ಬಗ್ಗಿದ ಮೊಳೆಯನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ ಮತ್ತೆ ಹೊಡೆಯುವ ಜನ. ಸೂಜಿಯನ್ನು ನೆಟ್ಟಗೆ ಮಾಡಿ ಮತ್ತೆ ಈ ಕಡೆಗೆ ಬಗ್ಗಿಸಿ ಕೊಟ್ಟೆ. ಒಂದು ನಿಮಿಷದಲ್ಲಿ ಡಾಕ್ಟ್ರು “ಛೇ” ಅಂದರು. ಅವಳು ಅಲ್ಲಾಡಿದಳೋ, ನನ್ನ ಸೂಜಿ ಕಚ್ಚಿತೋ? ನಾನು ಮುಂದಿನ ಟ್ರೇ ಜೋಡಿಸುತ್ತಿದ್ದೆ, ನೋಡಿರಲಿಲ್ಲ. ಆಮೇಲೆ ಡಾಕ್ಟ್ರನ್ನು ಕೇಳುವ ಧೈರ್ಯ ಬರಲಿಲ್ಲ. ಅವರು ನಿಜ ಬರೆದರೋ, ನನ್ನನ್ನು ಉಳಿಸಲು ಬರೆದರೋ ಎಂದು ಕೇಳಲು ಈಗ ಅವರಿಲ್ಲ. ಹೀಗೆ ಆರು ವರ್ಷ ಕಳೆದೆ. ನಾಚಿಕೆಯ ಸಂಗತಿ, ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಮೂರನೇ ದಿನ

ಸೂಜಿಯ ಹೆಸರಿನ ಗೋಜಲು ಅರ್ಧ ದಿನದಲ್ಲಿ ಬಗೆಹರಿಯಿತು. ನಾನು ಮಾರ್ತೆಯ ಎದುರು ಇಕ್ಕಳ ಹಿಡಿದು ತುದಿಯನ್ನು ಒಂದು ಸಲ, ಬುಡವನ್ನು ಒಂದು ಸಲ ಬಗ್ಗಿಸಿ ತೋರಿಸಿದೆ. ಅವಳು ಮೂಗಿನ ತುದಿಗೆ ಹಿಡಿದು ನೋಡಿದಳು. “ನೀವು ಪ್ರತಿ ಆಪರೇಷನ್ನಿಗೂ ಆಯುಧವನ್ನು ನೀವೇ ಮಾಡುತ್ತೀರಾ?” ಅಂದಳು. ದೋಸೆ ಪ್ರತಿ ಸಲವೂ ನೀವೇ ಹುಯ್ಯುತ್ತೀರಾ ಅಂತ ಕೇಳಿದ ಹಾಗಿತ್ತು. ಹೂಂ ಅಂದೆ.

“ಹಾಗಾದರೆ ಇದನ್ನು ನೋಡಿ. ಇದು ನನಗೆ ಅರ್ಥವಾಗಿಲ್ಲ” ಅಂದು ದೀಪ ಆರಿಸಿದಳು.

ಗೋಡೆಯ ಮೇಲೆ ಮತ್ತೊಂದು ಕಣ್ಣು ತೆರೆಯಿತು. ಯಂತ್ರ ತಾನು ಕಂಡದ್ದರ ಹೆಸರನ್ನು ಮೂಲೆಯಲ್ಲಿ ಬರೆಯುತ್ತಾ ಹೋಗುತ್ತದೆ. ಚಾಕು ಬಂತು, ‘ಚಾಕು’ ಅಂತ ಬರೆಯಿತು. ಚಾಕು ಹೋಯಿತು, ಅಕ್ಷರವೂ ಹೋಯಿತು. ಕಣ್ಣು ಖಾಲಿ. ಅದರ ಮೇಲೆ ಏನೂ ಇಲ್ಲ, ಒಳಗೆ ಏನೂ ಇಲ್ಲ. ಆಗ ಮೂಲೆಯಲ್ಲಿ ಅಕ್ಷರ ಮೂಡಿತು. ‘ಸೂಜಿ.’

“ಎಲ್ಲಿದೆ?” ಅಂದೆ.

“ಇಲ್ಲ. ಕಾಯಿರಿ.”

ನಾಲ್ಕು ಉಸಿರು ಎಳೆಯುವಷ್ಟು ಹೊತ್ತು ಕಣ್ಣು ಹಾಗೇ ನಮ್ಮನ್ನು ನೋಡುತ್ತಿತ್ತು. ಆಮೇಲೆ ಅಂಚಿನಿಂದ ಸೂಜಿ ಬಂತು. ಮಾರ್ತೆ ಇನ್ನೊಂದು ವಿಡಿಯೋ ಹಾಕಿದಳು, ಮತ್ತೊಂದು, ಮಗದೊಂದು. ಪ್ರತಿ ಸಲವೂ ಖಾಲಿ ಕಣ್ಣಿನ ಮೇಲೆ ‘ಸೂಜಿ’ ಅನ್ನುವುದು ಮೊದಲು, ಸೂಜಿ ಆಮೇಲೆ. ಬರಲಿರುವುದು ಅದಕ್ಕೆ ಹೇಗೆ ಗೊತ್ತು? ನಮ್ಮೂರಿನಲ್ಲಿ ಹಾಲುಗೂಬೆ ಕೂಗಿದರೆ ಸಾವು ಅನ್ನುತ್ತಾರೆ, ಅಂಥ ಮಾತನ್ನು ನಾನು ನಂಬುವವಳಲ್ಲ. ಆದರೂ ಶಾಲನ್ನು ಬಿಗಿಯಾಗಿ ಹೊದ್ದುಕೊಂಡೆ.

ಐದನೆಯದರ ಹೊತ್ತಿಗೆ ಹೊಳೆಯಿತು. ಸೂಜಿ ಕೊಡುವ ಮೊದಲು ನಾನು ಎಡಗೈಯಲ್ಲಿ ಕಣ್ಣಿನ ಮೇಲೆ ಎರಡು ಹನಿ ನೀರು ಬಿಡುತ್ತೇನೆ. ಗುಡ್ಡೆ ಒಣಗಬಾರದು ಅಂತ ಯಾರೂ ಹೇಳಿಕೊಡದೆ ಬಂದ ಅಭ್ಯಾಸ. ನೀರು ಬಿದ್ದ ತಕ್ಷಣ ಕಣ್ಣು ಒಮ್ಮೆ ಮಿಂಚುತ್ತದೆ. ಯಂತ್ರ ಆ ಮಿಂಚನ್ನು ಹಿಡಿದಿತ್ತು. ಅದು ಕಲಿತಿದ್ದು ಆಯುಧವನ್ನಲ್ಲ, ನನ್ನನ್ನು. ನಾನೇ ಅರಿಯದ ನನ್ನ ಚಾಳಿಯನ್ನು ಕಂಡಿಲ್ಲದ ದೇಶದಲ್ಲಿ ಒಂದು ಯಂತ್ರ ಕೂತು ಗಮನಿಸಿಕೊಂಡಿದೆ. ಹೇಳಿದೆ. ಮಾರ್ತೆ ಮೊದಲ ಸಲ ನಕ್ಕಳು, ಬರೆದುಕೊಂಡಳು. ನನಗೆ ನಗು ಬರಲಿಲ್ಲ.

“ಹಾಗಾದರೆ ಕೊನೆಯದು” ಅಂದಳು ಮಾರ್ತೆ. “ಇದರಲ್ಲಿ ಮಾತ್ರ ಉಲ್ಟಾ ಆಗುತ್ತದೆ.”

ಗೋಡೆ ಬೆಳಗಿತು. ಕಪ್ಪು ಗುಡ್ಡೆಯ ಕೆಳಗಡೆ, ಬಲಕ್ಕೆ, ಅಕ್ಕಿನುಚ್ಚಿನಷ್ಟು ಒಂದು ಬಿಳಿ ಕಲೆ. ಭತ್ತದ ಗರಿ ತಗುಲಿ ಆದ ಗಾಯ ಮಾಯ್ದದ್ದು. ಹೆಸರು ಅಳಿಸಿದ್ದರು, ಊರು ಅಳಿಸಿದ್ದರು, ಕಲೆಯನ್ನು ಯಾರು ಅಳಿಸುತ್ತಾರೆ? ಆ ಕಣ್ಣಿಗೆ ಆಪರೇಷನ್ ದಿನ ಬೆಳಿಗ್ಗೆ ಔಷಧಿ ಹಾಕಿದವಳು ನಾನೇ. ಈ ವಿಡಿಯೋ ಹೆಸರು ಹಾಕಲು ನನ್ನ ಪಾಲಿಗೆ ಬಂದಿರಲಿಲ್ಲ, ಬೇರೆ ಸಿಸ್ಟರಿಗೆ ಹೋಗಿತ್ತು. ಸಿದ್ದಮ್ಮಕ್ಕ ಎಂಟು ಅಡಿ ಎತ್ತರದ ಕಣ್ಣಾಗಿ ನನ್ನ ಮುಂದೆ ನಿಂತಿದ್ದಳು.

ಹನಿ ಬಿತ್ತು. ಕಣ್ಣು ಮಿಂಚಿತು. ‘ಸೂಜಿ’ ಅಂತ ಮೂಡಿತು. ಅಂಚಿನಿಂದ ಸೂಜಿ ಬಂತು. ಅದು ಬಂದ ತಕ್ಷಣ ಅಕ್ಷರ ಅಳಿಸಿಹೋಯಿತು.

ಮಾರ್ತೆ ನಿಲ್ಲಿಸಿದಳು. “ಇಲ್ಲದಿರುವಾಗ ಇದೆ ಅನ್ನುತ್ತದೆ. ಬಂದ ಮೇಲೆ ಇದು ಅದಲ್ಲ ಅನ್ನುತ್ತದೆ. ಇದು ಯಾವ ಆಯುಧ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನಾಗಿ ಜೇಬಿನಲ್ಲಿದ್ದ ಇಕ್ಕಳದ ಮೇಲೆ ಹೋಯಿತು. ಬಾಯಲ್ಲಿ ಬಂದದ್ದು ಬೇರೆ. “ಚಿತ್ರ ಮಸುಕಾಗಿದೆ. ತೆಗೆದುಹಾಕಿ” ಅಂದೆ.

ಅವಳು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು.

ನಾಲ್ಕನೇ ದಿನ

ಬೆಳಗ್ಗೆ ತಿಂಡಿ ಸೇರಲಿಲ್ಲ. ಅವರ ತಿಂಡಿಯೂ ಸೇರುವಂಥದ್ದಲ್ಲ, ತಣ್ಣನೆ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಸಿಹಿ ಚೀಸು, ಸಾಬೂನು ಕೊಯ್ದ ಹಾಗೆ. ಹುರಿಹಿಟ್ಟು ಕಲಸಿಕೊಂಡು ಎರಡು ತುತ್ತು ನುಂಗಿ ಹೊರಟೆ. ಕತ್ತಲಲ್ಲಿ ಕಿಟಕಿದೀಪಗಳ ಸಾಲು. ಯಾರೋ ಹಿಂದೆ ಬರುತ್ತಿರುವ ಹಾಗೆ ಹಿಮ ಕರಕರ ಅನ್ನುತ್ತಿತ್ತು. ನಿಂತರೆ ಅದೂ ನಿಲ್ಲುತ್ತದೆ. ನನ್ನದೇ ಬೂಟು ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ದಾರಿ ಓಡಿದ್ದೆ.

ಮಾರ್ತೆಗೆ ಹೇಳಿದೆ, “ನಿನ್ನೆ ಸುಳ್ಳು ಹೇಳಿದೆ. ಒಂದು ಕೇಳಬೇಕು. ಆ ಕಣ್ಣು ಅಲ್ಲಾಡಿದೆಯಾ? ನಿಮ್ಮ ಯಂತ್ರಕ್ಕೆ ಅದು ಗೊತ್ತಾಗುತ್ತದಾ?”

ಗೊತ್ತಾಗುತ್ತದಂತೆ. ಆಯುಧವನ್ನು ಹಿಂಬಾಲಿಸಬೇಕಾದರೆ ಕಣ್ಣು ಎಷ್ಟು ಸರಿಯಿತು ಎಂದು ಮೊದಲು ಅಳೆಯಲೇಬೇಕು. ಅವಳು ಏನೋ ಒತ್ತಿದಳು. ಕಣ್ಣಿನ ಕೆಳಗೆ ಒಂದು ಗೆರೆ ಹರಿಯತೊಡಗಿತು. ತಲೆ ಅಲ್ಲಾಡಿದರೆ ಗೆರೆ ಕುಣಿಯುತ್ತದೆ ಎಂದು ಬೇರೆ ಯಾವುದೋ ವಿಡಿಯೋದಲ್ಲಿ ತೋರಿಸಿದಳು, ಅದು ಬೆಟ್ಟಗುಡ್ಡದ ಹಾಗೆ ಏರಿಳಿಯುತ್ತಿತ್ತು. ಸಿದ್ದಮ್ಮಕ್ಕನದು ಏರಲಿಲ್ಲ, ಇಳಿಯಲಿಲ್ಲ. ಸೂಜಿ ಚೀಲಕ್ಕೆ ತಾಗಿತು, ಗೆರೆ ನೆಟ್ಟಗಿತ್ತು. ಸೂಜಿಯ ತುದಿ ಚೀಲವನ್ನು ಕಚ್ಚಿಕೊಂಡು ಬಿಡದೆ ಎಳೆಯಿತು, ಚೀಲ ಬಟ್ಟೆ ಹರಿದಂತೆ ಹರಿಯಿತು. ಆಗಲೂ ಗೆರೆ ನೆಟ್ಟಗಿತ್ತು.

“ನಿಮ್ಮ ಎಲ್ಲ ರೋಗಿಗಳಲ್ಲಿ ಇಷ್ಟು ಅಲ್ಲಾಡದೆ ಮಲಗಿದವರನ್ನು ನಾನು ನೋಡಿಲ್ಲ” ಅಂದಳು ಮಾರ್ತೆ. “ಈಕೆ ಉಸಿರನ್ನೂ ಹಿಡಿದುಕೊಂಡಿದ್ದಾಳೆ ಅನ್ನಿಸುತ್ತದೆ.”

ನಾನು ಅತ್ತೆ. ಅದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಇನ್ನೂ ಒಂದು ಅನುಮಾನ ಉಳಿದಿತ್ತು, ಅದು ನಾನು ಕೆಡಿಸಿದ ಸೂಜಿಯೇ ಹೌದಾ ಅಂತ. ಅಭ್ಯಾಸಕ್ಕೆಂದು ಅವರಲ್ಲಿ ಹಂದಿಯ ಕಣ್ಣು ಇಟ್ಟಿರುತ್ತಾರೆ. ಸಣ್ಣ ಬಟ್ಟಲಿನಲ್ಲಿ ತಂದು ಕ್ಯಾಮೆರಾದ ಕೆಳಗಿಟ್ಟಳು. ನೋಡಲು ಮನುಷ್ಯರ ಕಣ್ಣಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಅದೇ ಒಂದು ಭಯ. ಹೊಸ ಸೂಜಿ ತೆಗೆದು ಸರಿಯಾಗಿ ಬಗ್ಗಿಸಿ ಅದರ ಮೇಲೆ ಹಿಡಿದೆ. ಗೋಡೆಯ ಮೇಲೆ ‘ಸೂಜಿ’ ಅಂತ ಬಂತು, ನಿಂತಿತು. ಇನ್ನೊಂದು ಸೂಜಿ ತೆಗೆದೆ. ಆ ಕಡೆಗೆ ಬಗ್ಗಿಸಿದೆ. ನೆಟ್ಟಗೆ ಮಾಡಿದೆ. ಈ ಕಡೆಗೆ ಬಗ್ಗಿಸಿದೆ. ಆರು ವರ್ಷದ ಹಿಂದೆ ಮಾಡಿದ್ದನ್ನು ಕೈ ಮರೆತಿರಲಿಲ್ಲ. ಬರೀ ಕಣ್ಣಿಗೆ ಎರಡೂ ಒಂದೇ. ಹನಿ ಬಿಟ್ಟೆ. ಅಕ್ಷರ ಮೂಡಿತು. ಸೂಜಿ ಒಳಗೆ ತಂದೆ.

ಅಕ್ಷರ ಅಳಿಸಿಹೋಯಿತು. ಬಟ್ಟಲಿನ ಕಣ್ಣು ನನ್ನನ್ನೇ ನೋಡುತ್ತಿತ್ತು.

ಮಾರ್ತೆಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ, ಬೆನ್ನು ತಟ್ಟಲಿಲ್ಲ, ಅಲ್ಲಿಯವರಿಗೆ ಅದು ಬರುವುದೂ ಇಲ್ಲ. “ಅವಳಿಗೆ ಗೊತ್ತಾ?” ಅಂತ ಒಂದೇ ಮಾತು ಕೇಳಿದಳು.

ಫೋನು

ಅಲ್ಲಿ ಬೆಳಗಿನ ಹನ್ನೊಂದು, ಹೆಡತಲೆಯಲ್ಲಿ ಮಧ್ಯಾಹ್ನ ಮೂರೂವರೆ. ಮಗಳು ಎತ್ತಿ ತಾಯಿಯ ಕೈಗೆ ಕೊಟ್ಟಳು. ಹಿಂದೆ ಕೋಳಿ ಕೂಗುತ್ತಿತ್ತು, ಯಾರೋ ಪಾತ್ರೆ ಉಜ್ಜುತ್ತಿದ್ದರು.

“ಏನವ್ವ, ಪಾರಿನ್ನಿಂದ ಮಾಡಿದ್ದೀಯಂತೆ! ಚಳಿ ಅದಾ ಅಲ್ಲಿ?” ಅಂದಳು ಸಿದ್ದಮ್ಮಕ್ಕ.

“ಅದೆ ಅಕ್ಕ. ಅಕ್ಕ, ನೀನು ಅವತ್ತು ಅಲ್ಲಾಡ್ಲಿಲ್ಲ.”

“ಯಾವತ್ತು?”

“ಆಪರೇಷನ್ ದಿನ. ನಿನ್ನ ಕಣ್ಣಿನ ವಿಡಿಯೋ ಇಲ್ಲಿದೆ. ನೋಡಿದೆ. ನೀನು ಒಂದು ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಸೂಜಿ ನಾನು ಬಗ್ಗಿಸಿದ್ದು. ಸರಿಯಾಗಿ ಬಗ್ಗಿಸಿರಲಿಲ್ಲ. ಅದೇ ಹರಿದದ್ದು.”

ಪಾತ್ರೆ ಉಜ್ಜುವ ಸದ್ದು ನಿಂತಿತು. ಲೈನು ಹೋಯಿತೇ ಎಂದು ಎರಡು ಸಲ ‘ಅಕ್ಕಾ’ ಅಂದೆ.

“ನಾನ್ ಅಲ್ಲಾಡ್ನಿಲ್ವಾ?”

“ಇಲ್ಲಕ್ಕ.”

“ದಿಟ ಏಳು. ನಿನ್ ಮಗ್ಳ ಮ್ಯಾಲೆ ಆಣೆ ಮಾಡಿ ಏಳು.”

“ನನ್ನ ಮಗಳ ಮೇಲೆ ಆಣೆ ಮಾಡ್ತೀನಿ ಅಕ್ಕ. ನೀನು ಅಲ್ಲಾಡ್ಲಿಲ್ಲ.”

ಆಮೇಲೆ ಅವಳ ದನಿ ಬೇರೆಯೇ ಆಗಿತ್ತು. “ನಿಂಗೆ ಮೊದ್ಲೇ ಗೊತ್ತಿತ್ತಾ?”

“ಅನುಮಾನ ಇತ್ತು.”

“ನಮ್ಮೂರ್ಗೆ ನೀನು ಎಷ್ಟ್ ಸರ್ತಿ ಬಂದಿದ್ದೀಯಾ? ನಮ್ ಜಗಲಿ ಮ್ಯಾಲೆ ಕುಂತ್ಕಂಡು ಕಾಪಿ ಕುಡ್ದಿದ್ದೀಯಾ. ಅಲ್ ಏಳಕ್ಕೆ ಆಗ್ದೆ ಇದ್ದದ್ದ ಏಳ್ ಸಮುದ್ರ ದಾಟ್ಕಂಡು ಓಗಿ ಏಳ್ತಾ ಇದ್ದೀಯಲ್ಲ. ಬಾ. ಬಂದು ನನ್ ಎದ್ರುಗ್ ನಿಂತ್ಕಂಡು ಏಳು.” ಫೋನು ಇಟ್ಟಳು.

ಉಳಿದ ದಿನಗಳು

ಉಳಿದ ದಿನ ಮಾರ್ತೆಯೊಡನೆ ಕೂತು ಮೂರು ಜನ ಒತ್ತಿದ್ದ ‘ನೀಡಲ್’ಗಳನ್ನೆಲ್ಲ ಒಂದೊಂದಾಗಿ ತಿದ್ದಿದೆ. ಹನಿ ಬೀಳುವ ಚಣವನ್ನು ಅವಳು ವಿಡಿಯೋಗಳಿಂದ ಕತ್ತರಿಸಿ ಯಂತ್ರಕ್ಕೆ ಮತ್ತೆ ಪಾಠ ಹೇಳಿದಳು. ಆಮೇಲೆ ಅದು ಖಾಲಿ ಕಣ್ಣಿನ ಮೇಲೆ ಏನೂ ಬರೆಯುವುದನ್ನು ನಿಲ್ಲಿಸಿತು. ನನಗೆ ಸಮಾಧಾನ ಆಗಬೇಕಿತ್ತು. ಬದಲಿಗೆ, ಯಾರೋ ನನ್ನ ಗುರುತು ಹಿಡಿದಿದ್ದವರು ಮುಖ ತಿರುಗಿಸಿದ ಹಾಗನ್ನಿಸಿತು.

ಸಿದ್ದಮ್ಮಕ್ಕನ ವಿಡಿಯೋಗೆ ಏನು ಹೆಸರು ಕೊಡುವುದು ಎಂದು ಮಾರ್ತೆ ಕೇಳಿದಳು. ‘ತುದಿಯನ್ನು ಎರಡು ಸಲ ಬಗ್ಗಿಸಿದ ಸೂಜಿ’ ಅಂದೆ. ಪಟ್ಟಿಯಲ್ಲಿ ಹೊಸ ಸಾಲು ಸೇರಿತು. ಇನ್ನು ಮೇಲೆ ಎಲ್ಲಾದರೂ ಯಾವಳಾದರೂ ಅಂಥದನ್ನು ಕೈಗೆತ್ತಿ ಕೊಟ್ಟರೆ ಅದು ಕಣ್ಣಿಗೆ ಇಳಿಯುವ ಮೊದಲೇ ಯಂತ್ರ ಎಚ್ಚರಿಸಬೇಕು, ಅದು ಮಾರ್ತೆಯ ಆಸೆ. ಒಂದೇ ವಿಡಿಯೋ ಸಾಲದು ಅಂದಳು. ನಾನು ಎರಡು ದಿನ ಕೂತು ಡಬ್ಬದಲ್ಲಿ ಉಳಿದಿದ್ದ ಸೂಜಿಗಳನ್ನೆಲ್ಲ ಬೇಕೆಂದೇ ಕೆಡಿಸಿ, ಹಂದಿಯ ಕಣ್ಣುಗಳ ಮೇಲೆ ಹಿಡಿದು ತೋರಿಸಿದೆ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಕೆಟ್ಟ ಸೂಜಿ ಮಾಡಲು ಇಷ್ಟು ಶ್ರದ್ಧೆ ವಹಿಸಿದ್ದು ಅದೇ ಮೊದಲು.

ಹೊರಡುವ ದಿನ ಮಾರ್ತೆ ಬಸ್ಸಿನವರೆಗೂ ಬಂದಳು. ಅಲ್ಲಿಯವರಂತೆ ಒಂದು ಮಾರು ದೂರ ನಿಂತಳು. ಬಸ್ಸು ಬಂದಾಗ ಅವಳೇ ಮುಂದೆ ಬಂದು ನನ್ನ ಕಣ್ಣನ್ನು ನೆಟ್ಟಗೆ ನೋಡಿದಳು. “ಹೋಗಿ ಹೇಳಿ” ಅಂದಳು.

ಹೆಡತಲೆ

ಬೆಂಗಳೂರಿನಲ್ಲಿ ಇಳಿದ ಮರುದಿನವೇ ಹೋದೆ. ಮನೆಯವರು ‘ಸುಧಾರಿಸಿಕೋ’ ಅಂದರು, ಸುಧಾರಿಸಿಕೊಂಡರೆ ಕಾಲು ಹೊರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಿದ್ದಮ್ಮಕ್ಕ ಜಗಲಿಯ ಮೇಲೆ ಕೂತಿದ್ದಳು. ಹೆಜ್ಜೆ ಸದ್ದಿಗೆ ಮುಖ ಎತ್ತಿದಳು. ನಾಲ್ಕು ಅಡಿ ಹತ್ತಿರ ಬರುವವರೆಗೆ ಯಾರೆಂದು ತಿಳಿಯಲಿಲ್ಲ. ಎಡಗಣ್ಣು ಅಷ್ಟು ಮಬ್ಬಾಗಿತ್ತು.

ನಿಂತುಕೊಂಡೇ ಹೇಳಿದೆ. ಇಕ್ಕಳ ಜಾರಿದ್ದು, ಬಿಸಾಡದೆ ನೆಟ್ಟಗೆ ಮಾಡಿದ್ದು, ಬಾಯಿ ಮುಚ್ಚಿಕೊಂಡಿದ್ದು, ಎಲ್ಲ. ಕೂತುಕೋ ಅಂತ ಅವಳು ಹೇಳಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು.

“ಆಸ್ಟೆಲ್ನಲ್ಲಿ ಒಂದ್ ಮಗೀಗೆ ಅನ್ನದಲ್ಲಿ ಕಲ್ ಸಿಕ್ಕಿ ಅಲ್ಲು ಮುರೀತು” ಅಂದಳು ಸಿದ್ದಮ್ಮಕ್ಕ ಕೊನೆಗೆ. “ಅವತ್ತೇ ಕೆಲ್ಸ ಬುಟ್ಬುಟ್ಟೆ. ನಾನ್ ನೆಟ್ಗ್ ಮನಿಕಂಡಿದ್ರೆ ಆ ಮಗೀನ್ ಅಲ್ ಉಳೀತಿತ್ತಲ್ಲ ಅಂತ ಆರ್ ವರ್ಸ ಅಂದ್ಕಂಡಿವ್ನಿ. ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ. ತಲೆ ತಗ್ಗಿಸಿದೆ. ಅವಳಿಗೆ ಅದು ಕಂಡಿತೋ ಇಲ್ಲವೋ.

“ಇನ್ನೊಂದ್ ಕಣ್ಣು ಮಾಡುಸ್ಕತೀನಿ. ಡಾಕುಟ್ರಿಗೆ ಏಳು. ಇದೇ ವಾರದಲ್ಲಿ ಬತ್ತೀನಿ.”

“ಆಗಲಿ ಅಕ್ಕ. ನಾನೇ ನಿಂತು ಎಲ್ಲ ನೋಡಿಕೊಳ್ತೀನಿ. ಈ ಸಲ ಒಂದು ಕೂದಲೂ…”

“ಇಲ್ಲ” ಅಂದಳು. ಜೋರಾಗಿ ಅನ್ನಲಿಲ್ಲ. “ನೀನ್ ಒಳೀಕ್ ಬರ್ಕೂಡ್ದು.”

ಹೂಂ ಅಂದೆ. ಇಪ್ಪತ್ತಾರು ವರ್ಷದಲ್ಲಿ ಥಿಯೇಟರಿನ ಬಾಗಿಲ ಹೊರಗೆ, ರೋಗಿಗಳ ಮನೆಯವರು ಕೂರುವ ಬೆಂಚಿನ ಮೇಲೆ ನಾನು ಕೂತದ್ದು ಆ ಗುರುವಾರ ಒಂದೇ ದಿನ. ಪಕ್ಕದಲ್ಲಿ ಸಿದ್ದಮ್ಮಕ್ಕನ ಮಗಳು ಕೂತಿದ್ದಳು. ಒಳಗೆ ಬೇರೆ ಸಿಸ್ಟರ್ ಸೂಜಿ ಬಗ್ಗಿಸುತ್ತಿದ್ದಳು. ಅರ್ಧ ಗಂಟೆಯ ಕೆಲಸ. “ಅಮ್ಮ ಅಲ್ಲಾಡಾಕಿಲ್ಲ ಅಲ್ವಾ ಸಿಸ್ಟ್ರೇ?” ಅಂತ ಆ ಹುಡುಗಿ ಕೇಳಿದಳು.

“ಅಲ್ಲಾಡೋದಿಲ್ಲ” ಅಂದೆ. “ನಿಮ್ಮಮ್ಮ ಯಾವತ್ತೂ ಅಲ್ಲಾಡಿದವಳಲ್ಲ.”